ಪವಿತ್ರಳಿಗೆ ಸೈಕಲ್ ಕಲಿಸಿದ ದಸರಾ ರಜೆ

ಹೋದ ತಿಂಗಳು ದಿಬ್ಬೂರಹಳ್ಳಿಯಲ್ಲಿ ಬಸ್ಸು ನಿಂತಾಗ ಒಬ್ಬ ಹೆಂಗಸು ರೇಷ್ಮೆಗೂಡಿನ ಮೂಟೆ ಹತ್ತಿಸಿ ನನ್ನ ಕಾಲ ಬುಡದಲ್ಲೇ ಇಟ್ಟಳು. ಹಸಿ ಗೂಡಿನ ವಾಸನೆ ಗೊತ್ತಿಲ್ಲದವರಿಗೆ ನಾತ. ನಮಗೆ ಅದು ಅನ್ನದ ವಾಸನೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನಮ್ಮಾ ಇದು, ಮೇಲೆ ಹಾಕ್ಬಾರ್ದಾ?" ಅಂದ. "ಮೇಲೆ ಹಾಕಿದ್ರೆ ಬಿಸಿಲಿಗೆ ಬೆಂದೋಯ್ತದೆ. ನಿನ್ನ ತಲೆ ಮೇಲೆ ಇಕ್ಕೊಂಡು ಬರ್ತೀಯೇನಪ್ಪಾ?" ಅಂದಳು ಅವಳು. ಬಸ್ಸಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಒಂದು ದಸರಾ ರಜೆ ನೆನಪಾಯಿತು. ನನ್ನ ಮೊಮ್ಮಗಳು ಪವಿತ್ರಳಿಗೆ ನಾನು ಸೈಕಲ್ ಕಲಿಸಿದ ರಜೆ. ಬೇರೆಯವರ ಅಜ್ಜಿಯರಿಗೆ ಹಬ್ಬದಡಿಗೆ, ಹಾಡು, ಹಸೆ ನೆನಪಾಗುತ್ತವೆ. ನನಗೆ ನೆನಪಾಗುವುದು ಇಂಥದ್ದೇ.

ಸರ್ಕಾರದವರು ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಹೊಸತು ಅದು. ನಮ್ಮೂರಿನಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಇತ್ತು. ಮುಂದಕ್ಕೆ ಸಾದಲಿಗೆ ಹೋಗಬೇಕು, ಒಂದು ಗಂಟೆಯ ನಡಿಗೆ. ಊರಿನ ಮೂವರು ಹುಡುಗಿಯರು ಜೂನ್ ತಿಂಗಳಿಂದ ಒಟ್ಟಿಗೆ ನಡೆದು ಹೋಗಿ ಬರುತ್ತಿದ್ದರು. ಪವಿತ್ರ ಯಾವಾಗಲೂ ಪಕ್ಕದ ಮನೆಯ ಅಂಬಿಕಳ ಕೈ ಹಿಡಿದುಕೊಂಡೇ ನಡೆಯುವಳು. ಅಷ್ಟೊಂದು ಗೆಳೆತನ ಅಂದುಕೊಂಡಿದ್ದೆವು.

ಸೈಕಲ್ ಬಂದ ಒಂದೇ ವಾರಕ್ಕೆ ಮಿಕ್ಕ ಇಬ್ಬರೂ ಮೊಣಕಾಲು ತರಚಿಕೊಂಡು ಕಲಿತು, ಗಂಟೆ ಬಾರಿಸಿಕೊಂಡು ಹೊರಟುಹೋದರು. ಪವಿತ್ರ ತನ್ನದನ್ನು ಸಾದಲಿಯಿಂದ ತಳ್ಳಿಕೊಂಡೇ ಬಂದಳು. ತಂದವಳು ನಾವು ರೇಷ್ಮೆ ಸಾಕುವ ಹುಳದ ಮನೆಯ ಮೂಲೆಯಲ್ಲಿ ನಿಲ್ಲಿಸಿ ಮೇಲೆ ಗೋಣಿಚೀಲ ಹೊದಿಸಿಬಿಟ್ಟಳು. ಆಮೇಲೆ ಒಬ್ಬಳೇ ನಡೆದು ಹೋಗತೊಡಗಿದಳು. ದಾರಿಯ ಮಧ್ಯೆ ನೀಲಗಿರಿ ತೋಪು. ಅಲ್ಲಿ ಹಗಲಲ್ಲೇ ಕುಡುಕರು ಬಿದ್ದಿರುತ್ತಿದ್ದರು.

ನನ್ನ ಮಗ ನಾರಾಯಣಸ್ವಾಮಿ ಹೆಚ್ಚು ಮಾತಾಡುವವನಲ್ಲ. ರಜೆ ಶುರುವಾದ ದಿನ ಊಟಕ್ಕೆ ಕೂತವನು ಹೇಳಿದ:

"ಒಂಟಿ ಹೆಣ್ಣನ್ನ ಆ ತೋಪಿನಾಗೆ ಕಳಿಸಾಕಾಗಲ್ಲ. ರಜ ಮುಗಿಯೋದ್ರೊಳಗೆ ಸೈಕಲ್ ತುಳಿದ್ರೆ ಸ್ಕೂಲು. ಇಲ್ಲಾಂದ್ರೆ ಹುಳದ ಮನೇಲಿರ್ಲಿ. ಹೆಂಗೂ ಅಲ್ಲಿ ಕೈ ಸಾಲದು."

"ಅಪ್ಪಾ, ನಾನು ಓದ್ತೀನಿ," ಅಂದಳು ಪವಿತ್ರ.

"ಬೇಡ ಅಂದ್ನಾ? ತುಳಿ."

"ನಡ್ಕೊಂಡೇ ಹೋಗ್ತೀನಪ್ಪಾ."

"ಓದು ಬೇಕು, ಸೈಕಲ್ ಬೇಡ. ಇದ್ಯಾವ ನ್ಯಾಯನೇ?" ಅಂದು ಕೈ ತೊಳೆದುಕೊಂಡ. ಪುಕ್ಕಟೆ ಬಂದ ಸೈಕಲ್ ಆ ಹುಡುಗಿಯ ಓದಿಗೇ ಅಡ್ಡಗಲ್ಲಾಯಿತು.

ನಾನು ಮೂರನೇ ಕ್ಲಾಸು. ಅಲ್ಲಿಂದ ಎಬ್ಬಿಸಿ ತಂದು ನನ್ನನ್ನು ಶಿಡ್ಲಘಟ್ಟದಲ್ಲಿ ನೂಲು ತೆಗೆಯಲು ಕೂರಿಸಿದರು. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ, ಬೆರಳು ಹಾಕಿ ಎಳೆ ಹುಡುಕಬೇಕು. ಈಗಲೂ ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತೇನೆ. ಯಾರೂ ಅಯ್ಯೋ ಅನ್ನಲಿ ಅಂತ ಇದನ್ನು ಹೇಳುತ್ತಿಲ್ಲ. ಮನೆಗೆ ಬಂದ ಕಾಗದವನ್ನು ಇನ್ನೊಬ್ಬರ ಜಗಲಿಗೆ ಒಯ್ದು ಓದಿಸಿಕೊಂಡು ಸಾಕಾಗಿತ್ತು. ನಮ್ಮ ಮನೆಯಲ್ಲೇ ಒಬ್ಬಳು ಓದಿದವಳು ಇರಲಿ ಅನ್ನುವುದು ನನ್ನ ಹಟ. ದೊಡ್ಡ ಮೊಮ್ಮಗಳು ಶೋಭಳಿಗೆ ಓದು ಹತ್ತಲಿಲ್ಲ. ಇವಳಿಗೆ ಹತ್ತಿತ್ತು. ಅದಕ್ಕೆ, "ನಾನು ಕಲಿಸ್ತೀನಿ ಬಿಡು," ಅಂದೆ.

"ನೀನು ಯಾವತ್ತು ತುಳಿದಿದ್ದೆ ಸೈಕಲ್ನ?" ಅಂದ ಮಗ.

"ನಿಮ್ಮಪ್ಪ ತಂದ ಹೋರಿಗಳನ್ನೆಲ್ಲ ಪಳಗಿಸಿದ್ದು ಯಾರು? ನಾನೇನು ಹೋರಿಯಾಗಿದ್ನಾ?"

ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಹೊಸ ಹೋರಿಯನ್ನು ಮೊದಲು ಉತ್ತ ಹೊಲದಲ್ಲಿ ನಡೆಸಬೇಕು. ಬಿದ್ದರೆ ನೋವಾಗುವುದಿಲ್ಲ, ಓಡಿದರೆ ಕಾಲು ಹೂತು ಸುಸ್ತಾಗುತ್ತದೆ. ಹುರುಳಿ ಹಾಕಲು ಉತ್ತಿದ್ದ ನಮ್ಮ ಹೊಲಕ್ಕೆ ಸೈಕಲ್ ಸಮೇತ ಅವಳನ್ನು ಇಳಿಸಿದೆ. ಚಕ್ರ ಮಣ್ಣಿನಲ್ಲಿ ಹೂತುಕೊಂಡಿತು. ಅವಳು ತುಳಿಯುವುದು, ನಾನು ಹಿಂದಿನಿಂದ ನೂಕುವುದು, ಸೈಕಲ್ ಮಾತ್ರ ನೆಟ್ಟ ಕಂಬದ ಹಾಗೆ ನಿಂತೇ ಇರುವುದು. ಬದುವಿನ ಮೇಲೆ ಹುಲ್ಲು ಕುಯ್ಯುತ್ತಿದ್ದ ಗಂಗಮ್ಮ ಕುಡುಗೋಲು ಕೆಳಗಿಟ್ಟು ನಕ್ಕಳು.

"ಏಮಮ್ಮಾ, ಸೈಕಲ್ ಬಿತ್ತನೆ ಮಾಡ್ತಿದೀಯಾ? ಮಳೆ ಬಂದ್ರೆ ಮೊಳಕೆ ಬರ್ತದೆ ನೋಡು."

"ಬಂದ್ರೆ ನಿನಗೂ ಒಂದು ಕಿತ್ತು ಕೊಡ್ತೀನಿ, ಮುಚ್ಕೊಂಡು ಹುಲ್ಲು ಕುಯ್ಯಿ," ಅಂದೆ. ಅವಮಾನ ಆಗಿತ್ತು. ಆ ಸಿಟ್ಟನ್ನು ಹುಡುಗಿಯ ಬೆನ್ನಿನ ಮೇಲೆ ತೀರಿಸಿಕೊಂಡೆ.

ಮಾರನೆಯ ದಿನ ಕೆರೆ ಏರಿಗೆ ಕರೆದೊಯ್ದೆ. ಕೆರೆಯಲ್ಲಿ ನೀರಿಲ್ಲ, ಒಳಗೆಲ್ಲ ಬಳ್ಳಾರಿ ಜಾಲಿ. ಏರಿಯ ಇಳಿಜಾರಿನಲ್ಲಿ ಕೂರಿಸಿ ಬಿಟ್ಟರೆ ತಾನೇ ಓಡುತ್ತದೆ, ಓಡಿದರೆ ತಾನೇ ಕಲಿಯುತ್ತಾಳೆ ಅನ್ನುವುದು ನನ್ನ ಲೆಕ್ಕ.

"ಅಜ್ಜೀ, ಬಿಡಬೇಡ. ಅಜ್ಜೀ, ನಿನ್ನ ಕಾಲಿಗೆ ಬೀಳ್ತೀನಿ."

"ಆಮೇಲೆ ಬೀಳು. ಮೊದ್ಲು ತುಳಿ. ಮುಂದೆ ನೋಡು, ಮುಂದೆ!"

ಬಿಟ್ಟೆ. ನೇರವಾಗಿ ಹೋಗಿ ಜಾಲಿಯೊಳಗೆ ಬಿದ್ದಳು. ದಾರಿ ಬಲಕ್ಕೆ ತಿರುಗಿತ್ತು, ಇವಳು ತಿರುಗಲೇ ಇಲ್ಲ. ಪಿನ್ನಿನಿಂದ ಅವಳ ತೋಳಿನ ಮುಳ್ಳು ತೆಗೆದೆ. ಒಂದೊಂದು ಮುಳ್ಳಿಗೂ ಒಂದೊಂದು ಮಾತು ಅಂದೆ. ಅವಳು ಕೈ ಎಳೆದುಕೊಂಡರೆ ಹೊಡೆದೆ. ಮತ್ತೆ ಏರಿ ಹತ್ತಿಸಿದೆ. ಆ ದಿನ ಐದು ಸಲ ಬಿಟ್ಟೆ, ಐದು ಸಲವೂ ಬಿದ್ದಳು. ತುಳಿಯುವ ತನಕ ಮುದ್ದೆ ಇಲ್ಲ ಅಂದೆ. ಸೊಸೆ ಕದ್ದು ಒಂದು ತುತ್ತು ಕೊಡಲು ಹೋದಾಗ ತಟ್ಟೆ ಕಿತ್ತುಕೊಂಡೆ.

"ಮಗು ಕಣತ್ತೆ ಅದು," ಅಂದಳು ಸೊಸೆ.

"ಹಸ್ಕೊಂಡ ಹೋರಿ ಬೇಗ ಪಳಗ್ತದೆ," ಅಂದೆ.

ಹಗಲು ಹೀಗೆ ನನ್ನ ಕೈಲಿ ಒದೆ ತಿಂದವಳು ಸಂಜೆ ಹುಳದ ಮನೆ ಹೊಕ್ಕರೆ ಬೇರೆಯೇ. ಹುಳದ ತಟ್ಟೆಯ ಮೇಲೆ ಬಗ್ಗಿ, ಮೂಗು ಸೊಪ್ಪಿಗೆ ತಾಕುವಷ್ಟು ಹತ್ತಿರ ಹೋಗಿ, ಅಷ್ಟೂ ಹುಳದ ನಡುವಿನಿಂದ ರೋಗ ಹಿಡಿದ ಒಂದೇ ಒಂದು ಹುಳವನ್ನು ಎತ್ತಿ ಆಚೆ ಹಾಕುವಳು. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದಾಗ ಮೈ ಸ್ವಲ್ಪ ತಿಳಿಯಾಗುತ್ತದೆ. ಆಗ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಡಬೇಕು. ಒಂದು ದಿನ ಮುಂಚೆ ಬಿಟ್ಟರೂ ಕೆಟ್ಟಿತು, ತಡವಾದರೂ ಕೆಟ್ಟಿತು. ನಾವೆಲ್ಲ ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದರೆ ಇವಳು ಬಗ್ಗಿದಲ್ಲೇ ಹೇಳುತ್ತಿದ್ದಳು. ನಾನು ಯಾರನ್ನೂ ಹೊಗಳಿದವಳಲ್ಲ. ಗಂಡ ಸತ್ತಾಗಲೂ ಒಳ್ಳೆಯವನಾಗಿದ್ದ ಅಂತ ಒಂದು ಮಾತು ಆಡಲಿಲ್ಲ. ಆದರೆ ಬಂದವರ ಮುಂದೆಲ್ಲ, "ಈ ಮನೇಲಿ ಕಣ್ಣು ಅಂತ ಇದ್ರೆ ಇವಳ್ದೊಂದೇ ಕಣ್ರಮ್ಮ," ಅನ್ನುತ್ತಿದ್ದೆ. ಆಗ ಅವಳು ತಲೆ ಎತ್ತುತ್ತಿರಲಿಲ್ಲ. ಕಿವಿ ಮಾತ್ರ ಕೆಂಪಾಗುತ್ತಿತ್ತು.

ರಜೆ ಅರ್ಧ ಕಳೆಯಿತು. ಅವಳ ಮೈಯಲ್ಲಿ ತರಚದ ಜಾಗ ಇರಲಿಲ್ಲ. ಏರಿ ಬಿಟ್ಟು ಜೋಳದ ಹೊಲದ ಪಕ್ಕದ ಬಂಡಿ ದಾರಿಗೆ ಬಂದೆವು. ನೆಟ್ಟಗಿನ ದಾರಿ. ಅವಳನ್ನು ಈ ತುದಿಯಲ್ಲಿ ಕಲ್ಲಿನ ಮೇಲೆ ಕಾಲೂರಿ ನಿಲ್ಲಿಸಿ ನಾನು ಆ ತುದಿಗೆ ಹೋಗಿ ನಿಂತೆ.

"ನನ್ನನ್ನೇ ನೋಡ್ಕೊಂಡು ಬಾರೇ. ಇಲ್ಲಿ ಹಿಡ್ಕೊತೀನಿ."

ತುಳಿದಳು. ಅಲ್ಲಾಡಿತು, ಬೀಳಲಿಲ್ಲ. ಬಂದಳು, ಬಂದೇ ಬಂದಳು. ಅರ್ಧ ದಾರಿಗೆ ಬಂದವಳು ಇದ್ದಕ್ಕಿದ್ದ ಹಾಗೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಜೋಳದ ಹೊಲದ ಕಡೆ ನುಗ್ಗಿದಳು. "ಅಜ್ಜೀ, ಬಂದೆ! ಹಿಡ್ಕೊ! ಹಿಡ್ಕೊಳೇ ಅಜ್ಜೀ!" ಅಂತ ಕೂಗುತ್ತಾ ಹೋಗಿ ಬೆದರುಬೊಂಬೆಗೆ ಗುದ್ದಿದಳು. ಗಿಳಿ ಓಡಿಸಲೆಂದು ನಿಲ್ಲಿಸಿದ್ದ ಆ ಬೊಂಬೆಗೆ ನನ್ನದೇ ಹಳೆಯ ಹಸಿರು ಸೀರೆ ಸುತ್ತಿತ್ತು. ನಾನು ಉಟ್ಟಿದ್ದೂ ಹಸಿರೇ.

ನನ್ನನ್ನು ಅಣಕಿಸುತ್ತಿದ್ದಾಳೆ ಅಂದುಕೊಂಡೆ. ಕೋಲು ಹಿಡಿದು ಓಡಿದೆ. ಹತ್ತಿರ ಹೋದರೆ ಅವಳು ನೆಲದ ಮೇಲೆ ಬಿದ್ದಲ್ಲಿಂದಲೇ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಮೇಲೆ ಬಿದ್ದಿದ್ದ ಬೊಂಬೆಯ ತೋಳು ಹಿಡಿದು ಕೇಳುತ್ತಿದ್ದಳು: "ಯಾಕಜ್ಜಿ ಹಿಡ್ಕೊಳ್ಲಿಲ್ಲ?"

"ಲೇ," ಅಂದೆ ನಾನು ಹಿಂದಿನಿಂದ.

ತಿರುಗಿದಳು. ಕೈಯಲ್ಲಿದ್ದ ಹುಲ್ಲಿನ ತೋಳು ನೋಡಿದಳು. ಕಳ್ಳಿ ಸಿಕ್ಕಿಬಿದ್ದರೆ ಹೇಗೋ ಹಾಗಾಯಿತು ಮುಖ.

ನಾನು ಎರಡು ಬೆರಳು ತೋರಿಸಿ, "ಇದೆಷ್ಟು?" ಅಂದೆ. "ಎರಡು," ಅಂದಳು. ನಾಲ್ಕು ಹೆಜ್ಜೆ ಹಿಂದೆ ಹೋಗಿ ಮೂರು ಬೆರಳು ತೋರಿಸಿದೆ. "ನಾಲ್ಕು... ಎರಡು." ಇನ್ನೂ ಹಿಂದೆ ಹೋದೆ. "ಈಗ?"

"ಅಜ್ಜೀ, ಕೈ ಎತ್ತಿದೀಯಾ?" ಅಂದಳು.

"ಯಾವತ್ತಿಂದ ಇದು?"

"ಐದನೇ ಕ್ಲಾಸಿಂದ. ಬೋರ್ಡು ಕಾಣಲ್ಲ. ಅಂಬಿಕನ ಪುಸ್ತಕ ನೋಡಿ ಬರ್ಕೊತೀನಿ."

"ಬಾಯಿ ಬಿದ್ದೋಗಿತ್ತಾ ಹೇಳಾಕೆ?"

"ನೀನೇ ಎಲ್ಲರ ಹತ್ರ ಹೇಳ್ತಿದ್ಯಲ್ಲಜ್ಜಿ. ಮನೇಲಿ ಕಣ್ಣು ಅಂದ್ರೆ ನಂದೇ ಅಂತ."

ಬೇರೆ ಯಾರಾದರೂ ಆಗಿದ್ದರೆ ತಬ್ಬಿಕೊಳ್ಳುತ್ತಿದ್ದರು. ನಾನು ಅವಳ ಕೆನ್ನೆಗೆ ಬಿಟ್ಟೆ. ಆ ಏಟು ನನಗೆ ಬೀಳಬೇಕಾಗಿದ್ದದ್ದು. ನನಗೆ ನಾನೇ ಹೊಡೆದುಕೊಳ್ಳುವ ಅಭ್ಯಾಸ ಇರಲಿಲ್ಲ.

ಮನೆಗೆ ಹೋಗಿ ಮಗನಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಚಿಂತಾಮಣಿಗೆ ಕರೆದೊಯ್ದು ಒಂದು ಕನ್ನಡಕ ಹಾಕಿಸಿದ್ದರೆ ಹುಡುಗಿ ಸೈಕಲ್ಲೂ ತುಳಿಯುತ್ತಿದ್ದಳು, ಬೋರ್ಡೂ ಓದುತ್ತಿದ್ದಳು. ನನಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಆಗ ಶೋಭಳ ಮದುವೆಯ ಮಾತು ನಡೆಯುತ್ತಿತ್ತು. ಮುರುಗಮಲ್ಲದ ಕಡೆಯವರು, ಹೊಲ ಇದ್ದವರು, ಹುಡುಗ ಮೇಷ್ಟರು. ತಂಗಿಗೆ ಕಣ್ಣು ಕಾಣುವುದಿಲ್ಲ ಅಂದರೆ ಅಕ್ಕನ ಕಣ್ಣೂ ಹಾಗೇ ಇರಬೇಕು, ವಂಶದಲ್ಲೇ ಇದೆ ಅನ್ನುತ್ತಾರೆ. ನಮ್ಮ ಕಡೆ ಹೆಣ್ಣು ತರುವವರು ಹಸು ಕೊಳ್ಳುವಾಗ ನೋಡುವುದಕ್ಕಿಂತ ಹೆಚ್ಚು ನೋಡುತ್ತಾರೆ. ನಾನೂ ಹಾಗೆಯೇ ನೋಡಿ ಸೊಸೆ ತಂದವಳು. ಮಗನಿಗೆ ಹೇಳಿದರೆ ಸೊಸೆಗೆ ಗೊತ್ತಾಗುತ್ತದೆ, ಸೊಸೆಗೆ ಗೊತ್ತಾದರೆ ಗಂಗಮ್ಮನಿಗೆ, ಗಂಗಮ್ಮನಿಂದ ಮುರುಗಮಲ್ಲಕ್ಕೆ ಬಸ್ಸಿಗಿಂತ ಮುಂಚೆ ಹೋಗುತ್ತದೆ.

"ಶೋಭನ ಮಾತು ಒಂದು ಮುಗೀಲಿ," ಅಂದೆ ಪವಿತ್ರಳಿಗೆ. "ಆಮೇಲೆ ನಿಮ್ಮಪ್ಪಂಗೆ ನಾನೇ ಹೇಳ್ತೀನಿ. ಅಲ್ಲೀಗಂಟ ಬಾಯಿ ಬಿಟ್ಟೀಯ."

"ಸ್ಕೂಲು?"

"ನಿಮ್ಮಪ್ಪನ ಮುಂದೆ ಒಂದ್ಸಲ ತುಳಿದು ತೋರ್ಸು. ಸಾಕು."

ಕಾಣದವಳಿಗೆ ಲೆಕ್ಕ ಕಲಿಸಿದೆ. ಊರ ಬೋರಿನಿಂದ ನಮ್ಮ ಜಗಲಿಯವರೆಗೆ ನೆಟ್ಟಗಿನ ಬೀದಿ. ಎಡಕ್ಕೆ ಮೋರಿ, ಅದರ ನೀರಿನ ಸದ್ದು ಕೇಳುತ್ತಿರಬೇಕು. ಬಲಗಾಲು ಹದಿನಾರು ಸಲ ಕೆಳಗೆ ಬಂದರೆ ಮನೆ, ಆಗ ಬ್ರೇಕು. ಮಧ್ಯಾಹ್ನ ಊರು ಮಲಗಿದಾಗ ನಾಲ್ಕು ದಿನ ಅದನ್ನೇ ಮಾಡಿಸಿದೆ. ನಾನು ಜಗಲಿಯ ಮೇಲೆ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದೆ. ಮೊರದ ಸದ್ದೇ ಅವಳಿಗೆ ದಾರಿ. ಐದನೆಯ ದಿನ ಬಂದು ನಮ್ಮ ಮೆಟ್ಟಿಲ ಮುಂದೆ ಸರಿಯಾಗಿ ನಿಂತಳು. ಇಳಿದು, ನಾನು ಇದ್ದ ಕಡೆ ಮುಖ ಮಾಡಿ ನಕ್ಕಳು. ಆ ರಜೆಯಲ್ಲಿ ಅವಳು ನಕ್ಕಿದ್ದು ಅದೊಂದು ಸಲ.

ರಜೆಯ ಕೊನೆಯ ದಿನ ಸಂಜೆ ತೋರಿಸುವುದು ಅಂತ ಆಗಿತ್ತು. ಅದೇ ಸಂಜೆ ಹೇಳದೆ ಕೇಳದೆ ಮುರುಗಮಲ್ಲದಿಂದ ಹುಡುಗನ ಸೋದರತ್ತೆ ಬಂದು ಇಳಿದಳು. ಜಗಲಿಯ ಮೇಲೆ ಚಾಪೆ ಹಾಕಿದೆವು. ಶೋಭ ಕಾಫಿ ಕಾಸಲು ಒಳಗೆ ಹೋದಳು. ಮಗ ಖುಷಿಯಲ್ಲಿದ್ದ. "ನಮ್ಮ ಚಿಕ್ಕವಳು ಸೈಕಲ್ ತುಳೀತಾಳೆ, ನೋಡಿ ಅಮ್ಮಾ," ಅಂತ ಸೋದರತ್ತೆಗೆ ಹೇಳಿ, ಬೋರಿನ ಹತ್ತಿರ ನಿಂತಿದ್ದ ಪವಿತ್ರಳಿಗೆ "ಹೂಂ, ಬಾರಮ್ಮಾ!" ಅಂತ ಕೂಗಿದ.

ಆಗ ನೋಡಿದೆ. ಗಂಗಮ್ಮನ ಮನೆ ಮುಂದೆ, ಬೀದಿಯ ನಡುಮಧ್ಯಕ್ಕೆ, ಕಲ್ಲಿನ ರಾಶಿ. ಅವಳು ಗೋಡೆ ಕಟ್ಟಿಸಲು ತರಿಸಿದ್ದು. ನಾವು ಕಾಫಿಯ ಗಡಿಬಿಡಿಯಲ್ಲಿದ್ದಾಗ ಟ್ರಾಕ್ಟರಿನವನು ಸುರಿದು ಹೋಗಿದ್ದ. ಸೊಂಟದೆತ್ತರ. ಕೋಳಿ ಕೂಡ ಸುತ್ತಿಕೊಂಡು ಹೋಗುತ್ತಿತ್ತು.

ಪವಿತ್ರ ಹೊರಟಿದ್ದಳು. ಬೆನ್ನು ನೆಟ್ಟಗೆ, ತುಟಿಯಲ್ಲಿ ಎಣಿಕೆ. ನಾನು ಕೂಗಬಹುದಾಗಿತ್ತು. "ಕಲ್ಲು ಕಣೇ, ನಿಲ್ಲು" ಅನ್ನಲು ಎಷ್ಟು ಹೊತ್ತು ಬೇಕು? ಆದರೆ ಅಷ್ಟು ದೊಡ್ಡ ರಾಶಿ ಇದೆ ಅಂತ ಕಣ್ಣಿದ್ದವಳಿಗೆ ಯಾರಾದರೂ ಕೂಗಿ ಹೇಳುತ್ತಾರಾ? ಪಕ್ಕದಲ್ಲಿ ಸೋದರತ್ತೆ ಕೂತಿದ್ದಳು. ಹತ್ತಿರ ಬಂದಾಗ ಕಂಡೀತು ಅಂದುಕೊಂಡೆ. ಬಾಯಿ ಮುಚ್ಚಿಕೊಂಡು ಕೂತೆ.

ಕಾಣಲಿಲ್ಲ. ಒಂಬತ್ತೋ ಹತ್ತೋ ತುಳಿದಿದ್ದಳು. ಹೋಗುವ ಬಿರುಸಿನಲ್ಲೇ ಗುದ್ದಿದಳು. ಗಲ್ಲ ಸೀಳಿತು. ಮುಂದಿನ ಚಕ್ರ ಸೊಟ್ಟಗಾಯಿತು. ಬೀದಿಯವರೆಲ್ಲ ಹೊರಗೆ ಬಂದರು.

ಸೋದರತ್ತೆ ಎದ್ದು ನಿಂತಳು. "ಅಯ್ಯೋ, ಅಷ್ಟು ದೊಡ್ಡ ಗುಡ್ಡೆ! ಮಗೂಗೆ ಕಣ್ಣು ಸರಿಯಾಗಿ ಕಾಣಲ್ವಾ?"

ಶೋಭ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು.

"ಕಣ್ಣಿಗೇನು ಬಂದೈತೆ ತಾಯಿ," ಅಂದೆ ನಾನು. "ಸಾಸಿವೆ ಬಿದ್ರೂ ಹೆಕ್ತಾಳೆ. ಕೊಬ್ಬು. ಸ್ಕೂಲಿಗೆ ಹೋಗಾಕೆ ಇಷ್ಟ ಇಲ್ಲ ಇವಳಿಗೆ. ಅದಕ್ಕೆ ಬೇಕು ಬೇಕು ಅಂತ ಬಿದ್ದವಳೆ."

ಮಗ ನನ್ನನ್ನು ನೋಡಿದ, ಅವಳನ್ನು ನೋಡಿದ. "ಹೌದೇನೇ?"

ಅವಳ ಗಲ್ಲದಿಂದ ರಕ್ತ ಸ್ಕೂಲಿನ ಲಂಗದ ಮೇಲೆ ತೊಟ್ಟಿಕ್ಕುತ್ತಿತ್ತು. ನನ್ನ ದನಿ ಬಂದ ಕಡೆಗೇ ತಿರುಗಿ ನಿಂತಿದ್ದಳು.

"ಹೂಂ," ಅಂದಳು.

"ಸರಿ ಬಿಡು," ಅಂದ ನಾರಾಯಣಸ್ವಾಮಿ. "ನಾನೇ ಹುಚ್ಚ."

ಸೋದರತ್ತೆ ಕೂತು ಕಾಫಿ ಕುಡಿದಳು. ಮಕ್ಕಳು ಈಗಿನ ಕಾಲದಲ್ಲಿ ಹಾಗೇ ಅಂದಳು. ಹುಡುಗನ ಕಡೆಯವರಿಗೆಲ್ಲ ಒಪ್ಪಿಗೆ ಇದೆ, ದೀಪಾವಳಿ ಕಳೆಯಲಿ, ತಾಂಬೂಲ ಬದಲಾಯಿಸಿಕೊಳ್ಳೋಣ ಅಂದಳು. ಕೊನೆಯ ಬಸ್ಸಿಗೆ ಹೊರಟುಹೋದಳು. ಗಾಯಕ್ಕೆ ಅರಿಶಿನ ಮೆತ್ತುವಾಗ ಪವಿತ್ರ ಅಳಲಿಲ್ಲ. ಒಂದೇ ಮಾತು ಕೇಳಿದಳು:

"ಅವರು ಹೋದ್ರಲ್ಲಜ್ಜಿ. ಈಗ ಅಪ್ಪಂಗೆ ಹೇಳ್ತೀಯಾ?"

"ನೋಡಣ ಮಲ್ಕೊ," ಅಂದೆ.

ಶೋಭಳ ಮದುವೆ ಆ ಮಾಘದಲ್ಲೇ ಆಯಿತು. ಚೆನ್ನಾಗಿದ್ದಾಳೆ. ಪವಿತ್ರಳಿಗೆ ಕನ್ನಡಕ ಬಂದದ್ದು ಎಷ್ಟೋ ವರ್ಷದ ಮೇಲೆ, ಅವಳನ್ನು ಕಟ್ಟಿಕೊಂಡವನು ಕೊಡಿಸಿದ. ದಪ್ಪ ಗಾಜಿನದು. ಅದನ್ನು ಹಾಕಿಕೊಂಡು ಮೊದಲ ಸಲ ಮನೆಗೆ ಬಂದಾಗ ನನ್ನನ್ನು ಬಹಳ ಹೊತ್ತು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಅವಳು ಕಲ್ಲಿಗೆ ಗುದ್ದಿದ ಮಾರನೆಯ ದಿನ, ಸ್ಕೂಲು ಮತ್ತೆ ತೆರೆದ ಬೆಳಗ್ಗೆ, ಹುಳಕ್ಕೆ ಸೊಪ್ಪು ಹೆಚ್ಚಲು ಎದ್ದು ಬಂದರೆ ಜಗಲಿಯ ಮೆಟ್ಟಿಲ ಮೇಲೆ ಪವಿತ್ರ ಕೂತಿದ್ದಳು. ನೀಲಿ ಲಂಗ, ಬಿಳಿ ಅಂಗಿ, ಎರಡು ಜಡೆ. ರಕ್ತದ ಕಲೆಯನ್ನು ತಾನೇ ಒಗೆದು, ಹಸಿಯಾಗಿದ್ದಾಗಲೇ ಉಟ್ಟಿದ್ದಳು. ಚೀಲ ತೊಡೆಯ ಮೇಲೆ. ಅವಳಪ್ಪ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ, ನೀರಿನ ಸದ್ದು ಕೇಳುತ್ತಿತ್ತು. ನಾನು ಹೋಗಿ ಒಂದು ಮಾತು ಹೇಳುವಷ್ಟು ಹೊತ್ತು ಇತ್ತು. ಬೀದಿಯಲ್ಲಿ ಅಂಬಿಕಳ ಸೈಕಲ್ಲಿನ ಗಂಟೆ ಕೇಳಿಸಿತು, ದೂರ ಹೋಯಿತು.

ನಾನು ಬಾಗಿಲಲ್ಲಿ ನಿಂತೆ. ಅವಳು ನನ್ನ ಹೆಜ್ಜೆ ಕೇಳಿ ತಿರುಗಿದಳು. ಮುಖ ಇಷ್ಟಗಲ ಮಾಡಿಕೊಂಡು ನನ್ನ ಕಡೆಯೇ ನೋಡುತ್ತಿದ್ದಳು.

ದೀಪಾವಳಿ ಇನ್ನೂ ದೂರ ಇತ್ತು. ಇಲ್ಲ ಅಂತ ನಾನು ತಲೆ ಅಲ್ಲಾಡಿಸಿದೆ. ಇನ್ಯಾರಿಗಾದರೂ ಅಷ್ಟು ಸಾಕಾಗುತ್ತಿತ್ತು. ಅವಳಿಗೆ ಕಾಣಲಿಲ್ಲ. ಹಾಗೇ ಕಾಯುತ್ತಾ ಕೂತಿದ್ದಳು. ಇನ್ನೊಂದು ಸಲ ಅಲ್ಲಾಡಿಸಿದೆ. ಕಾಯುತ್ತಲೇ ಇದ್ದಳು. ಬಾಯಿ ಬಿಟ್ಟೇ ಹೇಳಬೇಕಾಯಿತು.

"ಆ ಬಟ್ಟೆ ಬಿಚ್ಚಿಡು," ಅಂದೆ. "ಹುಳ ಹಣ್ಣಾಗ್ತಾ ಐತೆ."